ಆಂಗ್ಲಧಾತು ವಿವಾಹ ಪ್ರಕರಣಂ

ಶಾಸ್ತ್ರಗ್ರಂಥದ ಆರಂಭದಲ್ಲಿ ದೇವತಾಸ್ತುತಿ ಇರಬೇಕು. ಆದಕಾರಣ, ಒಬ್ಬರನ್ನು ಬಿಟ್ಟು ಒಬ್ಬರು ಎಂದೂ ದರ್ಶನ ಕೊಡದ, ಇಂಗ್ಲಿಷ್ ಕಲಿಕೆಯ ಅಶ್ವಿನೀದೇವತೆಗಳಾದ ಶ್ರೀ ರೆನ್ ಮತ್ತು ಶ್ರೀ ಮಾರ್ಟಿನ್ ಅವರಿಗೆ ಮೊದಲ ನಮಸ್ಕಾರ. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ರಚಿಸಿದ ಕೇಶಿರಾಜ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮ ಇಟ್ಟುಕೊಂಡಿದ್ದ. ಪ್ರಸ್ತುತ ಶಾಸ್ತ್ರಕಾರರೂ ಅದನ್ನೇ ಹಿಡಿದಿದ್ದಾರೆ. ಆದರೆ ಸೂತ್ರಗಳು ಕಂದಪದ್ಯದಲ್ಲಿಲ್ಲ. ಕೂತು ಮಾತ್ರೆ ಎಣಿಸುವಷ್ಟು ಪುರುಸೊತ್ತು ಈಗಿನ ಶಾಸ್ತ್ರಕಾರರಿಗೆಲ್ಲಿ?

ವಿಷಯ ಇದು. ಇಂಗ್ಲಿಷಿನ ಕ್ರಿಯಾಪದ ಒಂಟಿಯಾಗಿ ಮನೆ ಬಿಟ್ಟು ಹೊರಡುವುದು ಕಡಿಮೆ. ಆನ್, ಇನ್, ಅಟ್, ಫಾರ್, ವಿತ್ ಎಂಬ ಗಿಡ್ಡ ಪ್ರೆಪೊಸಿಷನ್ನುಗಳಲ್ಲಿ ಒಂದನ್ನು ಪಕ್ಕದಲ್ಲಿಟ್ಟುಕೊಂಡೇ ಬೀದಿಗಿಳಿಯುತ್ತದೆ. ಯಾವುದಕ್ಕೆ ಯಾವುದು ಜೋಡಿ, ಏಕೆ ಜೋಡಿ? ವ್ಯಾಕರಣ ಎನ್ನುತ್ತಾರೆ ಕೆಲವರು. ರೂಢಿ ಎನ್ನುತ್ತಾರೆ ಹಲವರು. ಹಣೆಬರಹ ಎನ್ನುತ್ತಾರೆ ಎಸ್ಸೆಸ್ಸೆಲ್ಸಿ ಮಕ್ಕಳು. ಇವು ಮೂರೂ ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಇದು ವಿವಾಹ. ಹೊರಗಿನವರಿಗೆ ಇದರ ಒಳಗುಟ್ಟು ತಿಳಿಯದೆಂದು 1755ರಷ್ಟು ಹಿಂದೆಯೇ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನ ಮುನ್ನುಡಿಯಲ್ಲಿ ಎಚ್ಚರಿಸಿದ್ದಾನೆ: ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಇಂಥ ಜೋಡಿಗಳೇ ಎಂಬುದು ಅವನ ಅಭಿಪ್ರಾಯ. ಈ ಪೈಕಿ ಕೆಲವಕ್ಕೆ ಫ್ರೇಸಲ್ ವರ್ಬ್ ಎಂಬ ಹೆಸರು ಚಾಲ್ತಿಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕದಿಂದ. ಹೆಸರು ಸೂಚಿಸಿದ್ದು ಹೆನ್ರಿ ಬ್ರಾಡ್ಲಿ ಎಂದು ಆತನೇ ಹೇಳಿಕೊಂಡಿದ್ದಾನೆ. ಅಂದರೆ ಜಾನ್ಸನ್ ಗೊಣಗಿ 170 ವರ್ಷವಾದ ಮೇಲೆ ನಾಮಕರಣ. ಅಷ್ಟು ಹೊತ್ತಿಗೆ ಮರಿಮಕ್ಕಳೂ ಆಗಿದ್ದವು.

ಸೂತ್ರ 1: ಧಾತುಗಳ್ ಮೂದೆಱಂ; ಏಕಪತ್ನೀವ್ರತರ್, ಬಹುವಲ್ಲಭರ್, ನೈಷ್ಠಿಕಬ್ರಹ್ಮಚಾರಿಗಳ್.

ವೃತ್ತಿ: ಡಿಪೆಂಡ್ ಏಕಪತ್ನೀವ್ರತ. ಅದಕ್ಕೆ ಆನ್ ಬಿಟ್ಟು ಬೇರೆ ಗತಿಯಿಲ್ಲ. ‘ಅಪಾನ್’ ಇದೆಯಲ್ಲ ಎಂದು ಆಕ್ಷೇಪಿಸುವವರಿಗೆ ಉತ್ತರ: ಅದು ರೇಷ್ಮೆ ಸೀರೆ ಉಟ್ಟ ಆನ್. ಆದರೆ ವ್ರತ ಒಂದೇ ಕಡೆಯದು. ಆ ಆನ್ ರಿಲೈ, ಇನ್ಸಿಸ್ಟ್, ಕಾನ್ಸನ್‌ಟ್ರೇಟ್‌ಗಳ ಮನೆಯನ್ನೂ ತೂಗಿಸುತ್ತಿದೆ. ದ್ರೌಪದಿಗೆ ಐವರೇ.

ಬಹುವಲ್ಲಭರ ಪೈಕಿ ಗೆಟ್, ಪುಟ್, ಟೇಕ್, ರನ್ ಅಗ್ರಗಣ್ಯರು. ಟೇಕ್ ಒಂದಕ್ಕೇ ಜಾನ್ಸನ್ 134 ಅರ್ಥ ಬರೆದ. ಈಚೆಗೆ ಆಕ್ಸ್‌ಫರ್ಡ್ ಕೋಶದವರು ರನ್ ಎಂಬ ಕ್ರಿಯಾಪದದ ಅರ್ಥಗಳನ್ನು ಎಣಿಸಲು ಕೂತು 645ಕ್ಕೆ ನಿಲ್ಲಿಸಿದರು. ಲುಕ್‌ನ ಸಂಸಾರವನ್ನೇ ನೋಡಿ: ಅಟ್ ಜೊತೆಗಿದ್ದರೆ ನೋಡುವುದು, ಫಾರ್ ಜೊತೆಗಿದ್ದರೆ ಹುಡುಕುವುದು, ಆಫ್ಟರ್ ಜೊತೆಗಿದ್ದರೆ ಸಾಕಿ ಸಲಹುವುದು. ಇಂಟು ಜೊತೆಗಿದ್ದರೆ ಕೂಲಂಕಷವಾಗಿ ಪರಿಶೀಲಿಸುವುದು ಎಂದು ಕೋಶಗಳು ಹೇಳುತ್ತವೆ. ಕಚೇರಿಯ ಪ್ರಯೋಗದಲ್ಲಿ ಇದರರ್ಥ ಕಡತವನ್ನು ಬೀರುವಿನೊಳಕ್ಕೆ ಸೇರಿಸುವುದು.

ಇನ್ನು ಬ್ರಹ್ಮಚಾರಿಗಳು: ಡಿಸ್ಕಸ್, ಎಂಫಸೈಜ್, ರೀಚ್. ಇವು ಕರ್ಮಪದವನ್ನು ನೇರವಾಗಿ ಕೈಹಿಡಿದು ನಡೆಸುತ್ತವೆ, ನಡುವೆ ಯಾರೂ ಬೇಡ. ಈ ಗುಂಪಿನಲ್ಲಿ ಶಾಸ್ತ್ರಕಾರರನ್ನು ಬೆಚ್ಚಿಸಿದ ಹೆಸರು ಮ್ಯಾರಿ. ಮದುವೆಯೆಂಬ ಅರ್ಥದ ಧಾತುವೇ ಮದುವೆಯಾಗಿಲ್ಲ! ಅವಳು ಅವನನ್ನು ಮದುವೆಯಾದಳು ಎನ್ನಲು ಮ್ಯಾರಿಡ್ ಹಿಮ್ ಎಂದರೆ ಸಾಕು. ವಿತ್ ಬಂದರೆ ಪರೀಕ್ಷಕರು ಕೆಂಪು ಗೆರೆ ಎಳೆಯುತ್ತಾರೆ. ಮದುವೆ ಮುಗಿದು ‘ಮದುವೆಯಾಗಿರುವವಳು’ ಎಂಬ ಸ್ಥಿತಿ ಬಂದಾಗ ಮಾತ್ರ ಸದ್ದಿಲ್ಲದೆ ಟು ಒಳಗೆ ಬರುತ್ತದೆ.

ಸೂತ್ರ 2: ಬ್ರಹ್ಮಚಾರಿಯಂ ಕಂಡೊಡೆ ನಮ್ಮವರ್ ಸೈರಿಸರ್.

ವೃತ್ತಿ: ಮೂವತ್ತು ದಾಟಿದ ಗಂಡು ಮದುವೆಯಾಗದೆ ಊರಿನಲ್ಲಿ ಓಡಾಡುತ್ತಿದ್ದರೆ ಊರಿಗೆ ನಿದ್ದೆ ಬರುವುದಿಲ್ಲ. ಹಾಗೆಯೇ ಡಿಸ್ಕಸ್ ಒಂಟಿಯಾಗಿರುವುದನ್ನು ನೋಡಲಾರದೆ ನಾವು ಅಬೌಟ್ ತಂದು ಗಂಟು ಹಾಕಿದೆವು. ವಿಷಯದ ಬಗ್ಗೆ ಚರ್ಚಿಸಿದೆವು ಎಂದು ಕನ್ನಡದಲ್ಲಿ ಹೇಳುವವರಿಗೆ ಆ ‘ಬಗ್ಗೆ’ಯನ್ನು ಎಲ್ಲಿ ಬಿಟ್ಟು ಬರಬೇಕೆಂದು ತಿಳಿಯದು. ಇದು ನಮ್ಮೊಬ್ಬರ ಚಟವೆಂದು ನಾಚಬೇಕಿಲ್ಲ. ನೈಜೀರಿಯಾದಲ್ಲಿಯೂ ಸಿಂಗಪುರದಲ್ಲಿಯೂ ಇದೇ ಹೆಣ್ಣನ್ನು ಇದೇ ಗಂಡಿಗೆ ಕೊಟ್ಟಿದ್ದಾರೆ. ಅವರಿಗೆ ನಮ್ಮ ‘ಬಗ್ಗೆ’ ಗೊತ್ತಿಲ್ಲ. ಹಾಗಿದ್ದರೆ ಸಂಬಂಧ ಕುದುರಿದ್ದು ಹೇಗೆ? ಕುಲ ನೋಡಿ. ಟಾಕ್ ಎಂಬ ಅಣ್ಣ ಶಾಸ್ತ್ರೋಕ್ತವಾಗಿ ಅಬೌಟ್ ಮನೆಯ ಅಳಿಯ. ಡಿಸ್ಕಷನ್ ಎಂಬ ಸ್ವಂತ ತಂಗಿಯೂ ಆ ಮನೆಯಲ್ಲಿಯೇ ಬಾಳುತ್ತಿದ್ದಾಳೆ. ಬಳಗವೆಲ್ಲ ಒಂದೇ ಮನೆಗೆ ನಡೆದುಕೊಂಡಿರುವಾಗ ಇವನೊಬ್ಬನಿಗೆ ಏನು ಬಂದಿದೆ ರೋಗ ಎಂಬ ಲೋಕದ ಪ್ರಶ್ನೆ ನ್ಯಾಯವಾದದ್ದೇ. ಎಂಫಸಿಸ್‌ಗೆ ಆನ್ ಇರುವುದರಿಂದ ಎಂಫಸೈಜ್‌ಗೂ ಆನ್ ಬಂದದ್ದು ಇದೇ ತರ್ಕದಿಂದ.

ಅವಿಭಕ್ತ ಕುಟುಂಬದ ಮೋಹವೂ ನಮಗೆ ಉಂಟು. ಕೋಪ್ ವಿತ್ ಎಂಬುದು ಗಂಡ ಹೆಂಡತಿ ಇಬ್ಬರೇ ಇರುವ ಸಂಸಾರ. ಪಕ್ಕದ ಕೀಪ್ ಅಪ್ ವಿತ್, ಪುಟ್ ಅಪ್ ವಿತ್ ಮನೆಗಳಲ್ಲಿ ಮೂರು ಮೂರು ಜನ ತುಂಬಿಕೊಂಡಿರುವುದನ್ನು ನೋಡಿ, ಇವರಿಗೂ ಅಪ್ ಎಂಬ ಚಿಕ್ಕಪ್ಪನನ್ನು ಕಳಿಸಿಕೊಟ್ಟೆವು. ಕೋಪ್ ಅಪ್ ವಿತ್ ಆಯಿತು. ಚಿಕ್ಕಪ್ಪ ಇನ್ನೂ ಹೊರಟಿಲ್ಲ.

ಸೂತ್ರ 3: ಕೈಹಿಡಿದವಳಿಂ ಅರ್ಥಭೇದಂ.

ಇದು ಪ್ರಕರಣದ ಹೃದಯ, ಓದುಗರು ನೆಟ್ಟಗೆ ಕೂರಬೇಕು. ಬೇಟೆಗಾರ ಶಾಟ್ ದಿ ಟೈಗರ್ ಎಂದು ಬರೆದರೆ ಹುಲಿಗೆ ಗುಂಡು ತಗುಲಿದೆ. ಶಾಟ್ ಅಟ್ ದಿ ಟೈಗರ್ ಎಂದರೆ ಗುಂಡು ಹಾರಿದ್ದಷ್ಟೇ ಖಚಿತ. ಹುಲಿ ಇನ್ನೊಂದು ಗುಡ್ಡದಲ್ಲಿ ಕ್ಷೇಮವಾಗಿರಬಹುದು. ಒಂದು ಪುಟ್ಟ ಅಟ್ ಒಂದು ಪ್ರಾಣ ಉಳಿಸಿತು ಎಂದು ಅವಳನ್ನು ಅಹಿಂಸಾವಾದಿ ಎನ್ನಲು ಹೊರಟೀರಿ, ತಾಳಿ. ಥ್ರೋ ಮನೆಗೆ ಹೋಗಿ ನೋಡಿ. ಚೆಂಡನ್ನು ಗೆಳೆಯನಿಗೆ ಟು ಸೇರಿಸಿ ಎಸೆದರೆ ಅವನು ಹಿಡಿಯುತ್ತಾನೆ, ಆಟ ಮುಂದುವರಿಯುತ್ತದೆ. ಅಟ್ ಸೇರಿಸಿ ಎಸೆದರೆ ಬಗ್ಗುತ್ತಾನೆ, ಜಗಳ ಶುರುವಾಗುತ್ತದೆ. ತವರು ಅದೇ, ಹೆಣ್ಣು ಅದೇ. ಸೇರಿದ ಮನೆ ಬೇರೆ.

1993ರಲ್ಲಿ ಬೆತ್ ಲೆವಿನ್ ಎಂಬ ಭಾಷಾವಿಜ್ಞಾನಿ ಮೂರು ಸಾವಿರಕ್ಕೂ ಮೀರಿದ ಇಂಗ್ಲಿಷ್ ಕ್ರಿಯಾಪದಗಳನ್ನು ಅವುಗಳ ನಡತೆ ನೋಡಿ ವರ್ಗ ಮಾಡಿದರು. ಅದರಲ್ಲಿ ಬರುವ ಸ್ಪ್ರೇ ವರ್ಗ ಲೋಕೋಪಯೋಗಿಯಾದದ್ದು. ಸ್ಪ್ರೇಡ್ ಪೇಂಟ್ ಆನ್ ದಿ ವಾಲ್ ಎಂದರೆ ಗೋಡೆಯ ಮೇಲೆ ಎಲ್ಲೋ ಒಂದಿಷ್ಟು ಬಣ್ಣ ಬಿದ್ದಿದೆ. ಸ್ಪ್ರೇಡ್ ದಿ ವಾಲ್ ವಿತ್ ಪೇಂಟ್ ಎಂದರೆ ಗೋಡೆ ಪೂರ್ತಿ ಮುಚ್ಚಿಹೋಗಿದೆ ಎಂಬ ಭಾವನೆ. ಗುತ್ತಿಗೆದಾರರ ಬಿಲ್ಲು ಸದಾ ವಿತ್‌ನಲ್ಲಿಯೂ ಕಾಮಗಾರಿ ಆನ್‌ನಲ್ಲಿಯೂ ಇರುವುದು ಈ ಭೇದವನ್ನು ಬಲ್ಲದ್ದರಿಂದಲೇ.

ಮನೆತನದ ಗುಣ ಅಳಿಯಂದಿರಿಗೂ ಹತ್ತುತ್ತದೆ. ಬರ್ಮಿಂಗ್‌ಹ್ಯಾಮಿನ ಕೋಬಿಲ್ಡ್ ವಿದ್ವಾಂಸರು ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ಗಣಕಯಂತ್ರದಲ್ಲಿ ರಾಶಿ ಹಾಕಿ, 1996ರಲ್ಲಿ ಕ್ರಿಯಾಪದಗಳ ವಿನ್ಯಾಸದ ಪುಸ್ತಕ ತಂದರು. ಒಂದೇ ವಿನ್ಯಾಸದಲ್ಲಿ ಕೂಡುವ ಕ್ರಿಯಾಪದಗಳು ಅರ್ಥದಲ್ಲಿಯೂ ನೆಂಟರೇ ಎಂದು ಅವರಿಗೆ ಕಂಡಿತು. ಒಬ್ಬರನ್ನು ಒಂದು ಕೆಲಸಕ್ಕೆ ನೂಕುವ ಇಂಟು ಮನೆಗೆ ಬಂದ ಅಳಿಯಂದಿರನ್ನು ನೋಡಿ: ಟಾಕ್, ಟ್ರಿಕ್, ಬುಲ್ಲಿ, ಫೋರ್ಸ್. ಮಾತಿನಲ್ಲಿ ಮರುಳು ಮಾಡುವವನು, ಮೋಸಗಾರ, ಹೆದರಿಸುವವನು, ಕುತ್ತಿಗೆ ಪಟ್ಟಿ ಹಿಡಿಯುವವನು. ಸೈಟು ಮಾರುವ ಕಂಪನಿಗೆ ಬೇಕಾದ ಸಿಬ್ಬಂದಿಯೆಲ್ಲ ಒಂದೇ ಸೂರಿನಡಿ.

ಸೂತ್ರ 4: ಸರ್ವನಾಮಂ ನಡುವೆ ಪವಡಿಸುಗುಂ.

ವೃತ್ತಿ: ನಿಘಂಟಿನಲ್ಲಿ ಪದ ಹುಡುಕುವುದು ಲುಕ್ ಅಪ್. ಲುಕ್ ಅಪ್ ದಿ ವರ್ಡ್ ಎನ್ನಬಹುದು, ಲುಕ್ ದಿ ವರ್ಡ್ ಅಪ್ ಎಂದೂ ಎನ್ನಬಹುದು. ನೆಂಟ ಜಗಲಿಯಲ್ಲಿಯೂ ಮಲಗಬಹುದು, ನಡುಮನೆಯಲ್ಲಿಯೂ. ತೀರ ಉದ್ದದ ನೆಂಟನಾದರೆ ಜಗಲಿಯೇ ವಾಸಿ. ಇಟ್ ಎಂಬ ಹಸುಗೂಸು ಮಾತ್ರ ಅಪ್ಪ ಅಮ್ಮನ ನಡುವೆಯೇ ಮಲಗಬೇಕು: ಲುಕ್ ಇಟ್ ಅಪ್. ಹೊರಗೆ ಮಲಗಿಸಿದರೆ ಇಂಗ್ಲಿಷಿನವರ ಕಿವಿಗೆ ಮಗು ಅತ್ತಂತೆ ಕೇಳುತ್ತದೆ. ಇಲ್ಲಿಯ ಅಪ್ ಪ್ರೆಪೊಸಿಷನ್ನೇ ಅಲ್ಲ, ಪಾರ್ಟಿಕಲ್ ಎಂದು ತಜ್ಞರು ಗೋತ್ರದ ತಕರಾರು ಎತ್ತುತ್ತಾರೆ. ಅವರ ಮಾತು ಸರಿ. ಲುಕ್ ಆಫ್ಟರ್ ದಂಪತಿಯ ನಡುವೆ ಯಾವ ಕೂಸೂ ನುಸುಳಲಾರದು. ಆದರೆ ಲಗ್ನಪತ್ರಿಕೆ ಅಚ್ಚಾದ ಮೇಲೆ ಗೋತ್ರ ಕೇಳಿದರೆ ಹೇಗೆ?

ಸೂತ್ರ 5: ವಾಕ್ಯಾಂತ್ಯದೊಳ್ ಪ್ರೆಪೊಸಿಷನ್ ಅನಾಥೆಯೆಂಬರ್.

1672ರಲ್ಲಿ ಕವಿ ಡ್ರೈಡನ್ ಇದನ್ನು ದೋಷವೆಂದ. ತನ್ನ ಹಳೆಯ ಪ್ರಬಂಧವನ್ನೂ ತಿದ್ದಿ, ಕೊನೆಯಲ್ಲಿ ನಿಂತಿದ್ದವನ್ನು ಒಳಗೆ ಕರೆಸಿಕೊಂಡ. 1762ರಲ್ಲಿ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಲೌತ್, ಈ ಚಾಳಿಗೆ ಇಂಗ್ಲಿಷ್ ಬಹಳ ಒಲಿದಿದೆ ಎಂಬ ವಾಕ್ಯವನ್ನು ಟು ಎಂದೇ ಮುಗಿಸಿದ. ಅದು ತಮಾಷೆಯೋ ಚಾಳಿಯೋ ಎಂಬ ಚರ್ಚೆಗೆ ಇಲ್ಲಿ ಜಾಗವಿಲ್ಲ.

ಉಳಿದದ್ದು ವಿಚ್ಛೇದನ. ಬ್ರಿಟನ್ನಿನಲ್ಲಿ ತೀರ್ಪಿನ ಮೇಲೆ ಅಪೀಲು ಹೋಗುವವರು ಅಗೆನ್ಸ್ಟ್ ಜೊತೆಯಲ್ಲಿ ಹೋಗುತ್ತಾರೆ. ಅಮೆರಿಕದಲ್ಲಿ ಅಪೀಲ್, ಪ್ರೊಟೆಸ್ಟ್ ಎರಡೂ ಅವಳನ್ನು ಬಿಟ್ಟು ಒಂಟಿಯಾಗಿ ಓಡಾಡಿಕೊಂಡಿವೆ. ಕಾಗದ ಬರೆಯುವ ರೈಟ್ ಕೂಡ ಅಲ್ಲಿ ಟುವನ್ನು ಮನೆಯಲ್ಲಿಯೇ ಬಿಟ್ಟು ಬರುವುದುಂಟು. ಅರ್ಜಿ ತುಂಬುವ ವಿಷಯದಲ್ಲಿ ಮಾತ್ರ ಒಮ್ಮತವಿದೆ, ಒಂದು ರೀತಿಯಲ್ಲಿ. ಬ್ರಿಟನ್ನಿನವರು ಫಿಲ್ ಇನ್ ಮಾಡುತ್ತಾರೆ, ಅಮೆರಿಕದವರು ಅದೇ ಅರ್ಜಿಯನ್ನು ಫಿಲ್ ಔಟ್ ಮಾಡುತ್ತಾರೆ. ಒಳಗೆ ಹೋದರೂ ಹೊರಗೆ ಬಂದರೂ ಅರ್ಜಿ ತುಂಬುತ್ತದೆ. ನಾವು ಫಿಲ್ ಅಪ್ ಮಾಡಿ, ಮೂರು ಪ್ರತಿ ಜೆರಾಕ್ಸ್ ತೆಗೆಸಿ, ಗೆಜೆಟೆಡ್ ಅಧಿಕಾರಿಯ ಸಹಿಗೆ ಹೋಗುತ್ತೇವೆ.