ಡಿಜೆ ಬಂತು!

ನಮ್ಮ ಕಡೆ ಡಿಜೆ ಎಂದರೆ ಮನುಷ್ಯನಲ್ಲ. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಆಳೆತ್ತರಕ್ಕೆ ಪೇರಿಸಿದ ಬಾಕ್ಸು, ಅದರ ಬೆನ್ನಿಗೆ ಗುಡುಗುಡು ಜನರೇಟರ್, ಮೇಲೆ ಕಣ್ಣು ಕುಕ್ಕುವ ನಾಲ್ಕು ಲೈಟು. ಇಷ್ಟು ಸೇರಿದರೆ ಡಿಜೆ. ‘ಡಿಜೆ ಬಂತು’, ‘ಡಿಜೆ ಕೆಟ್ಟು ನಿಂತದ’ ಎಂದು ಬಂಡಿಗೆ ಹೇಳಿದ ಹಾಗೆ ಹೇಳುತ್ತೇವೆ. ಆ ಬಾಕ್ಸುಗಳ ಸಂದಿಯಲ್ಲಿ, ಲ್ಯಾಪ್‌ಟಾಪಿನ ಬೆಳಕಿಗೆ ಮುಖ ನೀಲಿಯಾಗಿ, ಒಂದೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬ ಹುಡುಗ ನಿಂತಿರುತ್ತಾನೆ. ನಿಜವಾದ ಡಿಜೆ ಅವನು. ವ್ಯಾಕರಣ ಅವನನ್ನು ನಪುಂಸಕಲಿಂಗಕ್ಕೆ ತಳ್ಳಿಬಿಟ್ಟಿದೆ.

ಅಂಥವನೊಬ್ಬ ನಮ್ಮ ಎದುರುಮನೆಯಲ್ಲೇ ಇದ್ದಾನೆ. ರಾತ್ರಿ ಹೊತ್ತು ಕಪ್ಪು ಚಸ್ಮಾ, ಹಿಂದುಮುಂದಾದ ಟೊಪ್ಪಿಗೆ, ಪಕ್ಕದಲ್ಲಿ ಕೂತವರ ಜೊತೆಗೂ ಹೊಲದಾಚೆಯವರನ್ನು ಕೂಗುವ ದನಿ. ಮಧ್ಯಾಹ್ನ ಮೂರಕ್ಕೆ, ನಾನು ರೊಟ್ಟಿ ಉಂಡು ಅಡ್ಡಾಗುವ ಹೊತ್ತಿಗೆ ಸರಿಯಾಗಿ, ಅವನ ‘ಟೆಸ್ಟಿಂಗ್’. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆಂದು ಕಾಗದದಲ್ಲಿ ಬರೆದು ತೋರಿಸಿದೆ. ‘ಅಷ್ಟು ಆವಾಜ್ ನಮ್ಮವ್ವನ ಮಿಕ್ಸಿ ಭಿ ಮಾಡ್ತದ ರೀ ಕಾಕಾ’ ಎಂದ. ಅಷ್ಟರಲ್ಲಿ ನಮ್ಮ ಅಡುಗೆಮನೆಯ ತಂಬಿಗೆಗಳು ಹಲಗೆಯ ಅಂಚಿಗೆ ಎರಡು ಬೆರಳು ಸರಿದಿದ್ದವು.

ಶಬ್ದವನ್ನಾದರೂ ಸಹಿಸಬಹುದು. ನನ್ನ ಪ್ರಾಣ ತಿನ್ನುವುದು ಆ ಕೂಗು. ಯಾವ ಹಾಡಿದ್ದರೂ ಸರಿ, ಅರ್ಧ ನಿಮಿಷಕ್ಕೊಮ್ಮೆ ನಡುವೆ ತೂರಿಕೊಂಡು ಅವನ ಹೆಸರು ಹೇಳಿ ‘ಫ್ರಂ ಗುಲ್ಬರ್ಗಾ!’ ಎಂದು ಭೂತದ ದನಿಯೊಂದು ಅರಚುತ್ತದೆ. ದೇವರ ಹಾಡಿಗೂ ಬಿಡುವುದಿಲ್ಲ. ‘ಅಲ್ಲೋ, 2014ರ ನವೆಂಬರ್ 1ಕ್ಕೇ ಊರ ಹೆಸರು ಕಲಬುರಗಿ ಆಯ್ತು. ನಿನ್ನ ಭೂತಕ್ಕ ಇನ್ನೂ ಸುದ್ದಿ ಮುಟ್ಟಿಲ್ಲೇನು?’ ಎಂದು ಕೇಳಿದೆ. ‘ಕಲಬುರಗಿ ಬೀಟಿಗೆ ಕೂಡಂಗಿಲ್ಲ ರೀ. ಗುಲ್-ಬರ್-ಗಾ, ಹೊಡೆದಂಗ ಬರ್ತದ. ಕಲಬುರಗಿ ಜಾರ್ತದ.’ ನಾನು ನಿವೃತ್ತ ಮಾಸ್ತರ, ಮೇಲಾಗಿ ಹಾರ್ಮೋನಿಯಂ ಪೇಟಿ ಬಾರಿಸುವವ, ಸುಮ್ಮನಿರಲು ಬರುವುದಿಲ್ಲ. ‘ಮೂರ್ಖಾ, ಐದು ಅಕ್ಷರ, ಐದೂ ಲಘು. ಎರಡು ಸಲ ಅಂದ್ರ ಹತ್ತು ಮಾತ್ರೆ. ಕಲ-ಬುರಗಿ, ಕಲ-ಬುರಗಿ. ಎರಡು ಮೂರು, ಎರಡು ಮೂರು. ಝಪತಾಲ ಊರಿನ ಹೆಸರಿನಾಗೇ ಅದ!’ ಎಂದು ತೊಡೆ ತಟ್ಟಿ ತೋರಿಸಿದೆ. ಅವನು ಲ್ಯಾಪ್‌ಟಾಪಿನ ಪರದೆಯನ್ನೊಮ್ಮೆ ನೋಡಿ, ‘ಇದರಾಗ ಎಲ್ಲಾ ನಾಕರ ಲೆಕ್ಕ ರೀ’ ಎಂದು ಎದ್ದುಹೋದ.

ಸಂಗೀತಗಾರ ಎನ್ನಿಸಿಕೊಳ್ಳುವ ಹಂಬಲ ಮಾತ್ರ ಅವನಿಗೆ ವಿಪರೀತ. ‘ಡಿಜೆ ಹಚ್ಚತಾನ’ ಎಂದರೆ ಸಿಟ್ಟು, ‘ಬಾರಸ್ತಾನ’ ಎನ್ನಬೇಕು. ಅವನಿಗೊಂದು ಸ್ಥಳಪುರಾಣವೂ ಇದೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಓಣಿಯಲ್ಲಿ ಕೂಲ್ ಹರ್ಕ್ ಎಂಬುವನು ಒಂದೇ ಹಾಡಿನ ಎರಡು ರೆಕಾರ್ಡು ಇಟ್ಟುಕೊಂಡು, ಬರೀ ಡ್ರಮ್ಮು ಬರುವ ತುಂಡನ್ನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹಾರಿಸಿ ಜನರನ್ನು ಕುಣಿಸಿದನಂತೆ. ‘ಅವನದು ಕೈಕಸುಬು. ನೀನು ಸಿಂಕ್ ಗುಂಡಿ ಒತ್ತತಿ. ಎರಡೂ ಹಾಡಿನ ಲಯ ಅಳೆದು ಕೂಡಿಸೂದು ಕಂಪ್ಯೂಟರ್, ಬಿಲ್ಲು ನಿಂದು’ ಎಂದೆ ನಾನು.

ನನ್ನ ವಾದಕ್ಕೆ ಪುರಾವೆಯೂ ಸಿಕ್ಕಿತು. ಒಂದು ಗಣಪತಿ ಮೆರವಣಿಗೆಯಲ್ಲಿ ಅವನು ಟ್ರಾಲಿಯ ಮೇಲೆ ಎರಡೂ ಕೈಯಲ್ಲಿ ತಿರುಪು ತಿರುವುತ್ತ, ಬೆವರು ಸುರಿಸುತ್ತ, ಕಣ್ಣು ಮುಚ್ಚಿ ತಲೆ ಕೊಡವುತ್ತಿದ್ದ. ಭೀಮಸೇನ ಜೋಶಿಯವರೂ ತಾರಸಪ್ತಕಕ್ಕೆ ಅಷ್ಟು ಒದ್ದಾಡಿರಲಾರರು. ಹತ್ತು ನಿಮಿಷದ ಮೇಲೆ ಸೋಡಾ ಅಂಗಡಿಗೆ ಹೋದರೆ ಪಕ್ಕದಲ್ಲಿ ಅವನೇ. ಮೇಲೆ ಡಿಜೆ ನಡೆದೇ ಇತ್ತು, ಕೆಳಗೆ ಡಿಜೆ ಸೋಡಾ ಕುಡಿಯುತ್ತಿದ್ದ. ಎರಡು ತಾಸಿನ ‘ನಾನ್‌ಸ್ಟಾಪ್’ ಫೈಲೊಂದನ್ನು ಹಚ್ಚಿ ಇಳಿದು ಬಂದಿದ್ದನಂತೆ. ‘ಮತ್ತ ಆ ತಿರುಪು?’ ‘ಅದು ಮಂದಿಗೆ ರೀ. ತಿರುವದಿದ್ರ ರೊಕ್ಕ ಕೊಡಂಗಿಲ್ಲ.’

ಈ ಗೆಲುವನ್ನು ನಾನು ಓಣಿತುಂಬ ಹೇಳಿಕೊಂಡು ತಿರುಗಿದೆ. ಒಂದು ಸೋಮವಾರದವರೆಗೆ.

ಸೋಮವಾರ ಸಂಜೆ ನಾವು ನಾಲ್ವರು ಮುದುಕರು ಅಪ್ಪನ ಗುಡಿಗೆ ಹೋಗುತ್ತೇವೆ. ಶರಣಬಸವೇಶ್ವರ ದೇವಸ್ಥಾನವೆಂದು ಬೋರ್ಡಿನಲ್ಲಿದ್ದರೂ ಊರಿನವರ ಬಾಯಲ್ಲಿ ಅದು ಅಪ್ಪನ ಗುಡಿಯೇ. ದರ್ಶನ ಮುಗಿಸಿ ಹತ್ತಿರದ ಕೆರೆಯ ಕಡೆ ಕೂತು ಒಂದೆರಡು ವಚನ ಹಾಡುವುದು ರೂಢಿ. ಆವತ್ತು ತಬಲಾದವನಿಗೆ ಮೊಣಕಾಲು ನೋವು, ಬಂದಿರಲಿಲ್ಲ. ನಾನು ಮೊಬೈಲಿನಲ್ಲಿ ತಬಲಾ ಹಚ್ಚಿ, ಬೆಂಗಳೂರಿನಲ್ಲಿ ತಯಾರಾದ ಎಲೆಕ್ಟ್ರಾನಿಕ್ ತಂಬೂರಿಯ ತಿರುಪು ಕಪ್ಪು ಎರಡಕ್ಕೆ ತಿರುವಿ ಕಣ್ಣು ಮುಚ್ಚಿದೆ. ಹಾಡು ಮುಗಿಸಿ ಕಣ್ಣು ತೆರೆದರೆ ಎದುರಿಗೆ ಕಪ್ಪು ಚಸ್ಮಾ. ‘ಛಲೋ ಆಯ್ತು ಕಾಕಾ. ತಬಲಾ ಯಾರು ಬಾರಿಸಿದ್ರು? ತಂಬೂರಿ ಯಾರು ಮೀಟಿದ್ರು?’

ಪೇಟಿ ಮುಟ್ಟಿ ಸಮಾಧಾನ ಮಾಡಿಕೊಳ್ಳೋಣವೆಂದರೆ ಪೇಟಿಯ ಚರಿತ್ರೆಯೂ ಚೊಕ್ಕವಲ್ಲ. ಪರದೇಶದ ಪೆಟ್ಟಿಗೆ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ನಮ್ಮ ಶ್ರುತಿ ಇದರಲ್ಲಿಲ್ಲ ಎಂದು 1940ರಲ್ಲಿ ಆಕಾಶವಾಣಿ ಇದನ್ನು ಹೊರಗಿಟ್ಟಿತ್ತು. 1971ರ ತನಕ ಬಾಗಿಲು ತೆರೆಯಲಿಲ್ಲ. ಬೆಳಗಾವಿಯಲ್ಲಿ ರಾಂಭಾವು ಬಿಜಾಪುರೆಯವರಂಥವರು ಅದೇ ಪೆಟ್ಟಿಗೆಯಿಂದ ರಾಗ ಹೊರಡಿಸುತ್ತಿದ್ದ ಕಾಲವದು. ಇದನ್ನು ನಾನು ಹುಡುಗನಿಗೆ ಹೇಳಲಿಲ್ಲ.

ಆಮೇಲೆ ಕಮಲಾಪುರದಲ್ಲಿ ನಮ್ಮ ಸಂಬಂಧಿಕರ ಮದುವೆ. ಡಿಜೆ ಅವನದೇ. ಮೆರವಣಿಗೆಯ ಮುಂದೆ ಹಲಗೆಯವರು, ಹಿಂದೆ ಅವನ ಟ್ರಾಲಿ, ನಡುವೆ ಕುಣಿಯುವ ಹುಡುಗರು. ನಾನು ಆ ಊರಿನ ಹೆಸರಾಂತ ಕೆಂಪು ಬಾಳೆಯ ಚಿಪ್ಪೊಂದನ್ನು ಎದೆಗವಚಿಕೊಂಡು ಬದಿಗೆ ನಡೆಯುತ್ತಿದ್ದೆ. ಇದ್ದಕ್ಕಿದ್ದಂತೆ ಎದೆಗೆ ಗುದ್ದುವ ಧಡಧಡ ಕಡಿಮೆಯಾಯಿತು. ಹಾಡು ನಿಲ್ಲಲಿಲ್ಲ, ಮೊದಲು ಬುಡದ ಸದ್ದು ಹೋಯಿತು, ಮಾತು ಹೋಯಿತು, ಉಳಿದ ಸಣ್ಣ ತಾಳವೂ ಕರಗಿತು. ಕುಣಿಯುವವರು ಹಾಡು ಮುಗಿಯಿತೆಂದು ಬೆವರು ಒರೆಸಿಕೊಂಡು ನಡೆದರು. ಎಡಕ್ಕೆ ನೋಡಿದೆ. ಒಂದು ಮನೆಯ ಅಂಗಳದಲ್ಲಿ ಹೆಂಗಸರು ತಲೆ ಮೇಲೆ ಸೆರಗೆಳೆದು ಕೂತಿದ್ದರು, ಗಂಡಸರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗೋಡೆಗೆ ಒರಗಿದ್ದರು. ಸಾವಿನ ಮನೆ. ಹಲಗೆಯವರು ಹಿಂದೆ ಮುಂದೆ ನೋಡಿ ತಾವೂ ಕೈ ತಡೆದರು. ನಲವತ್ತು ಹೆಜ್ಜೆ ದಾಟಿದ ಮೇಲೆ ಅದೇ ಹಾಡು, ಬಿಟ್ಟಲ್ಲಿಂದಲೇ, ಮೆಲ್ಲಗೆ ಎದ್ದು ಬಂತು.

ಅವನಿಗೆ ಯಾರೂ ಹೇಳಿರಲಿಲ್ಲ. ಆ ಟ್ರಾಲಿಯ ಎತ್ತರದಿಂದ, ಆ ಕಪ್ಪು ಚಸ್ಮಾದೊಳಗಿಂದ ಹೇಗೆ ಕಂಡಿತೋ. ಅವನಪ್ಪ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ಇಂಥ ಮನೆಯ ಮುಂದೆ ತುಟಿ ತೆಗೆದು ಟೊಪ್ಪಿಗೆ ಮುಟ್ಟಿಕೊಂಡು ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಡಿಜೆಗಳು ಬಂದ ಮೇಲೆ ಆ ಕಂಪನಿ ಮುಚ್ಚಿತು; ಕೆಂಪು ಕೋಟು ಬಹಳ ದಿನ ಅವರ ಅಂಗಳದ ದಾರದ ಮೇಲೆ ಒಣಗುತ್ತಿತ್ತು.

ಊಟದ ಪಂಕ್ತಿಯಲ್ಲಿ ಪಕ್ಕ ಕೂಡಿಸಿಕೊಂಡು ಕೇಳಿದೆ, ‘ಹೆಂಗ ಮಾಡ್ದಿ?’ ಅವನಿಗೆ ಬೇಕಾಗಿದ್ದೂ ಇಷ್ಟೇ. ‘ಮಂದಿ ನೋಡಬೇಕು ರೀ. ಈಗ ನಮ್ಮ ಅಪ್ಪನ ಜಾತ್ರ್ಯಾಗ ತೇರು ಎಳ್ಯೋ ಮೊದ್ಲು ಪರುಸ ಬಟ್ಟಲ ತೋರಸ್ತಾರಲ್ರಿ, ಅದು ಕಾಣೋತನ ಮಂದಿ ಹೆಂಗ ಉಸುರು ಹಿಡ್ಕೊಂಡು ಕಾಯ್ತದ? ಕಂಡ ಕೂಡ್ಲೆ ಹೆಂಗ ಹೋ ಅಂತದ? ನಾವು ಅದಕ್ಕ ಡ್ರಾಪ್ ಅಂತೀವಿ. ಕಾಯಿಸಲಾಕ ಬರಬೇಕು.’ ಪರುಸ ಬಟ್ಟಲನ್ನು ಅಲ್ಲಿಗೆ ತಂದನಲ್ಲ ಎಂದು ಕೆನ್ನೆ ಬಡಿದುಕೊಂಡೆ. ಒಳಗೆ ಮಾತ್ರ, ಹೋಳಿಯಾದ ಐದನೆಯ ದಿನ ಆ ಜಾತ್ರೆಯ ಬಯಲಿನಲ್ಲಿ ಎಷ್ಟೋ ವರ್ಷ ನಿಂತವನಿಗೆ ಅದು ಸರಿಯೆನ್ನಿಸಿತು.

ಆದರೂ ಫೈಲು ಹಚ್ಚಿ ಸೋಡಾಕ್ಕೆ ಹೋಗುವುದು ಬಾರಿಸುವುದಲ್ಲ ಎಂಬ ನನ್ನ ತೀರ್ಪು ಹಾಗೇ ಇದೆ. ಮೊಬೈಲ್ ತಬಲಾದ ಬಗ್ಗೆ ತೀರ್ಪು ಕಾದಿರಿಸಲಾಗಿದೆ.

ಹೋದ ಸೋಮವಾರ ಕೆರೆಯ ಕಡೆ ಕೂತಿದ್ದಾಗ ಅವನೇ ಬಂದ. ಬಾಕ್ಸು ಇಲ್ಲ, ಜನರೇಟರ್ ಇಲ್ಲ, ತೊಡೆಯ ಮೇಲೆ ಸಣ್ಣ ಪ್ಯಾಡು, ಲ್ಯಾಪ್‌ಟಾಪು. ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. ಹಳೆಯ ಭೂತ ಹೋಗಿ ಅವನದೇ ದನಿ: ‘ಕಲ’, ‘ಬುರಗಿ’, ಎರಡು ತುಂಡು, ಎರಡು ಗುಂಡಿ. ‘ಇದಕ್ಕ ಸಿಂಕ್ ನಡ್ಯಂಗಿಲ್ಲ ರೀ. ಬಂದ್ ಮಾಡೀನಿ’ ಎಂದು ಬೆರಳಿನಿಂದಲೇ ಬಾರಿಸತೊಡಗಿದ. ನಾನು ತೊಡೆಯ ಮೇಲೆ ಝಪತಾಲ ಹಾಕಿದೆ. ಆರನೆಯ ಮಾತ್ರೆಯಲ್ಲಿ ಖಾಲಿ ಬರುತ್ತದಲ್ಲ, ಅಲ್ಲಿ ಎರಡು ಸಲ ತಪ್ಪಿದ.