ಅಟ್ಟದ ಮೇಲಿನ ಜೂಲ್‌ಗಳು

ಬಲ, ಕೆಲಸ, ಶಕ್ತಿಯ ಲೆಕ್ಕಗಳು ನಡೆಯುವ ಊರು ಯಾವುದೋ, ನಮ್ಮ ಬಾಣಾವರವಂತೂ ಅಲ್ಲ. ಅಲ್ಲಿ ನೆಲ ಉಜ್ಜುವುದಿಲ್ಲ, ಗಾಳಿ ಅಡ್ಡ ಬರುವುದಿಲ್ಲ, ಹಗ್ಗಕ್ಕೆ ತೂಕವಿಲ್ಲ. ಗುರುತ್ವ ವೇಗೋತ್ಕರ್ಷ 9.8 ಇದ್ದರೂ ಅನುಕೂಲಕ್ಕೆ 10 ಅಂತಿಟ್ಟುಕೊಳ್ಳಬಹುದು. ನಮ್ಮ ಸಂತೆಯಲ್ಲಿ 9.8 ಕೆಜಿ ತೂಗಿ 10 ಅಂತ ಬರೆದುಕೊಂಡು ನೋಡಿ, ಗೊತ್ತಾಗುತ್ತದೆ.

ಅಕ್ಕನ ಮಗ ಒಂಬತ್ತನೇ ಕ್ಲಾಸು. ಅವನ ಪುಸ್ತಕದಲ್ಲೊಬ್ಬ ಹಮಾಲಿ 15 ಕೆಜಿ ಲಗೇಜನ್ನು ನೆಲದಿಂದ ಎತ್ತಿ, ಒಂದೂವರೆ ಮೀಟರ್ ಎತ್ತರದ ತನ್ನ ತಲೆಯ ಮೇಲಿಟ್ಟುಕೊಳ್ಳುತ್ತಾನೆ. (ಪಾಪ, ಐದಡಿಯೂ ಇಲ್ಲದ ಆಸಾಮಿ.) ಕೆಲಸ 225 ಜೂಲ್. ಅದನ್ನು ಹೊತ್ತುಕೊಂಡು ಸಮತಟ್ಟು ದಾರಿಯಲ್ಲಿ ಅರಸೀಕೆರೆಯವರೆಗೆ ನಡೆದರೂ ಒಂದು ಜೂಲ್ ಹೆಚ್ಚಾಗುವುದಿಲ್ಲ. ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ. ನಡುವೆ 90 ಡಿಗ್ರಿ ಬಿತ್ತೆಂದರೆ ಸೊನ್ನೆ.

ಹುಡುಗ ಈ ಪಾಠ ಉರು ಹೊಡೆಯುತ್ತಿದ್ದ ದಿನವೇ ನಮ್ಮ ಮನೆಯಲ್ಲಿ ಕಾಯಿ ಅಟ್ಟಕ್ಕೇರುತ್ತಿತ್ತು. ನಮ್ಮ ಕಡೆ ಬಲಿತ ಕಾಯಿ ಸಿಪ್ಪೆಸಮೇತ ಅಟ್ಟ ಹತ್ತಿ, ಒಲೆಯ ಹೊಗೆ ಕುಡಿಯುತ್ತಾ ಹೆಚ್ಚೂಕಡಿಮೆ ವರ್ಷ ಕೂರುತ್ತದೆ. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಉಂಡೆ ಲೊಟಲೊಟ ಅಂದರೆ ಕೊಬ್ಬರಿಯಾಯಿತು ಅಂತ ಲೆಕ್ಕ. ನೀರು ಕುಲುಕಿದರೆ ಇನ್ನೂ ಕೂರಬೇಕು.

ಹುಡುಗ ಪೆನ್ಸಿಲ್ ತೆಗೆದ. ಕಾಯಿಗೆ ಒಂದು ಕೆಜಿ, ಅಟ್ಟಕ್ಕೆ ಮೂರು ಮೀಟರ್. ಕಾಯಿಗೆ 30 ಜೂಲ್, ಸಾವಿರಕ್ಕೆ 30,000. ಒಂದು ಚಮಚ ಸಕ್ಕರೆಯಲ್ಲಿ ಸುಮಾರು 80,000 ಜೂಲ್ ಇರುತ್ತದೆ. "ಮಾಮ, ಸಾವಿರ ಕಾಯಿ ಏರಿಸೋಕೆ ಅರ್ಧ ಚಮಚ ಸಕ್ಕರೆ ಸಾಕು!"

ಕೂಲಿಗೆ ಬಂದು ಏಣಿಯ ಕೆಳಗೆ ಮಂಕರಿ ತುಂಬುತ್ತಿದ್ದ ಯಜಮಾನರಿಗೆ ಇದು ಕೇಳಿಸಿತು. "ಬೆಳಿಗ್ಗೆ ಎರಡು ಮುದ್ದೆ ಉಂಡಿವ್ನಿ ಕಣಪ್ಪ. ಅದೆಲ್ಲ ಎಲ್ಲಿಗೋಯ್ತು?"

ನ್ಯಾಯವಾದ ಪ್ರಶ್ನೆ. ಮಂಕರಿಗೆ ಇಪ್ಪತ್ತು ಕಾಯಿ ಅಂದರೆ ಐವತ್ತು ಸಲ ಏಣಿ ಹತ್ತಬೇಕು. ಹತ್ತುವಾಗ ಕಾಯಿಯ ಜೊತೆ ಅರವತ್ತು ಕೆಜಿಯ ಅವರೂ ಹತ್ತುತ್ತಾರಲ್ಲ! ಅದು 90,000 ಜೂಲ್. ಕಾಯಿಗಿಂತ ಮೂರು ಪಟ್ಟು ತಮ್ಮನ್ನೇ ಹೊತ್ತಿದ್ದಾರೆ. ಸಾಲದ್ದಕ್ಕೆ ಮೈಯೆಂಬ ಯಂತ್ರ ಉಂಡದ್ದರಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ಕೊಡುತ್ತದೆ. ಮಿಕ್ಕದ್ದು ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಜೂಲ್ ಮಹಾಶಯ 1840ರ ದಶಕದಲ್ಲಿ ಇಳಿಯುವ ತೂಕದಿಂದ ನೀರು ಕಡೆಸಿ, ಅದು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರ್ ಹಿಡಿದು ಕೂತಿದ್ದ. ಬಿಯರ್ ಕಾಯಿಸುವವರ ಮನೆಯ ಮಗ. ಕೂತು ನೋಡುವಷ್ಟು ಪುರುಸೊತ್ತಿತ್ತು.

ಹುಡುಗ ಅಲ್ಲಿಗೆ ಬಿಡಲಿಲ್ಲ. ಪುಟ ತಿರುಗಿಸಿ ಹೊಸ ಸಂಗತಿ ಕಂಡುಹಿಡಿದ: ಭಾರವನ್ನು ಮೆಲ್ಲಗೆ ಇಳಿಸುವಾಗ ಬಲ ಮೇಲಕ್ಕೆ, ಚಲನೆ ಕೆಳಕ್ಕೆ, ಹಾಗಾಗಿ ಇಳಿಸಿದವನ ಕೆಲಸ ಮೈನಸ್. ಈಗ ಏರಿಸಿದ್ದು ಪ್ಲಸ್ 30,000, ಬರುವ ವರ್ಷ ಅಷ್ಟನ್ನೂ ಇಳಿಸಿದರೆ ಮೈನಸ್ 30,000. "ಒಟ್ಟು ಸೊನ್ನೆ, ತಾತ!"

ಅಡುಗೆಮನೆಯಿಂದ ಅಮ್ಮ ಇಣುಕಿದಳು. "ಹಂಗಾದ್ರೆ ಕೂಲಿ?"

ಯಜಮಾನರು ಸಿಂಬಿ ಬಿಚ್ಚಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಏರ್ಸಿದ್ದಕ್ಕೆ ಇವತ್ತು ಕೊಟ್ಬುಡಿ ಅವ್ವ. ಇಳ್ಸೋಕೆ ಆ ಪುಸ್ತಕ ಬರೆದೋರ್ನೇ ಕರ್ಸಿ. ಅವರಿಂದ ಮೈನಸ್ ಇಸ್ಕಳಿ."