ಆರಾಮ ಕುರ್ಚಿಯೂ ಅಕಾರ್ಡಿಯನ್ನೂ

ಬೇಸಿಗೆ ರಜೆಗೆ ಊರಿಗೆ ಬಂದ ಕಾಲೇಜು ಹುಡುಗರಿಗೆ ಮೊದಲ ವಾರ ಅಮ್ಮನ ಕೈಯಡುಗೆ, ಎರಡನೇ ವಾರ ಮಾವಿನಕಾಯಿ, ಮೂರನೇ ವಾರ ನಾಟಕ. ನಮ್ಮೂರಲ್ಲಿ ಇದು ಪಂಚಾಂಗದಲ್ಲಿ ಬರೆದಿಟ್ಟಷ್ಟು ಖಚಿತ. ಹಲಸಿನ ಹಣ್ಣಿನ ವಾಸನೆ ಏಳುವ ಹೊತ್ತಿಗೆ ಯಾರಾದರೂ ಒಬ್ಬ, ಕಟ್ಟೆ ಮೇಲೆ ಕಾಲಾಡಿಸುತ್ತ, "ಈ ಸಲ ಒಂದು ನಾಟಕ ಯಾಕೆ ಆಡಬಾರದು?" ಎಂದುಬಿಡುತ್ತಿದ್ದ. ನನಗೆ ಪ್ರತಿ ಸಲವೂ ಪ್ರಾಂಪ್ಟರ್ ಕೆಲಸ. ದನಿ ಇಲ್ಲ, ನಿಲುವಿಲ್ಲ, ಅಕ್ಷರ ಮಾತ್ರ ದುಂಡಗಿದೆ ಎಂದು ಸರ್ವಾನುಮತದಿಂದ ತೀರ್ಮಾನವಾಗಿತ್ತು.

ಆದ್ದರಿಂದಲೇ ಇರಬೇಕು, ವಿದ್ಯಾರ್ಥಿಗಳು ರಜೆಯಲ್ಲಿ ಕಟ್ಟಿದ ನಾಟಕ ಕಂಪನಿ ಅಂತ ಎಲ್ಲಿ ಓದಿದರೂ ನನ್ನ ಕಣ್ಣು ಮೊದಲು ಹೋಗುವುದು ಸೈಡ್‌ವಿಂಗಿನ ಕತ್ತಲೆಗೆ. ಹಾಗೆ ನೋಡುತ್ತ ನೋಡುತ್ತ ನನಗೆ ತೀರಾ ಹತ್ತಿರದ್ದಾಗಿಬಿಟ್ಟಿರುವ ಒಂದು ಕಂಪನಿ ಇರುವುದು, ಅಲ್ಲ ಇದ್ದದ್ದು, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಹೆಸರು ಯೂನಿವರ್ಸಿಟಿ ಪ್ಲೇಯರ್ಸ್. ಆಯುಷ್ಯ ಐದೇ ಬೇಸಿಗೆ: 1928ರಿಂದ 1932.

ಭೂಪಟದಲ್ಲಿ ಕೇಪ್ ಕಾಡ್ ಎನ್ನುವುದು ಸಮುದ್ರದೊಳಕ್ಕೆ ಚಾಚಿ ಮೊಣಕೈ ಮಡಚಿದ ತೋಳಿನ ಹಾಗೆ ಕಾಣುತ್ತದೆ. ಗರಡಿಯಲ್ಲಿ ತೋಳಿನ ಮಾಂಸಖಂಡ ತೋರಿಸುತ್ತಾರಲ್ಲ, ಹಾಗೆ. ಫಾಲ್ಮತ್ ಊರು ಇರುವುದು ಹೆಚ್ಚುಕಡಿಮೆ ಅದರ ಕಂಕುಳಲ್ಲಿ. ಬೇಸಿಗೆಗೆ ದುಡ್ಡಿದ್ದವರು ಬಂದು ಸಮುದ್ರಸ್ನಾನ ಮಾಡಿ, ಸಂಜೆಯಾದರೆ ಏನು ಮಾಡುವುದೆಂದು ತಿಳಿಯದೆ ಒದ್ದಾಡುವ ಊರು. ಅಂಥ ಊರಿಗೆ ನಾಟಕದವರು ಬೇಕೇಬೇಕು.

ಹಾರ್ವರ್ಡಿನ ಚಾರ್ಲ್ಸ್ ಲೆದರ್‌ಬಿ, ಪ್ರಿನ್ಸ್‌ಟನ್ನಿನ ಬ್ರೆಟೇನ್ ವಿಂಡಸ್ಟ್ ಎಂಬ ಇಬ್ಬರು ಹುಡುಗರು ಸೇರಿ ಕಂಪನಿ ಹುಟ್ಟುಹಾಕಿದರು. ವಿದ್ಯಾರ್ಥಿ ನಾಟಕ ಕಂಪನಿಯಲ್ಲಿ ಒಬ್ಬನಿಗಾದರೂ ಅನುಕೂಲಸ್ಥ ಅಜ್ಜ ಇರಬೇಕು ಎನ್ನುವುದು ನನ್ನ ಸಿದ್ಧಾಂತ. ಲೆದರ್‌ಬಿಗೆ ಇದ್ದ. ಅಜ್ಜ ಚಾರ್ಲ್ಸ್ ಕ್ರೇನ್ ಅವರ ಮನೆತನ ಷಿಕಾಗೋದಲ್ಲಿ ಕೊಳಾಯಿ ಸಾಮಾನಿನಿಂದ ಹಣ ಮಾಡಿತ್ತು. ಫಾಲ್ಮತ್ತಿನ ಪಕ್ಕದ ವುಡ್ಸ್ ಹೋಲ್‌ನಲ್ಲಿ ಅವರ ಎಸ್ಟೇಟು. ಹುಡುಗರು ಮೊದಲ ಬೇಸಿಗೆ ಮಲಗುತ್ತಿದ್ದದ್ದು ನೀರಿನ ಮೇಲೆ. ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಬೆನ್ನಟ್ಟಲು ಕಟ್ಟಿಸಿದಂಥ 110 ಅಡಿಯ ಹಡಗೊಂದು ವಿಹಾರನೌಕೆಯಾಗಿ ಅಲ್ಲಿತ್ತು, ಅದರಲ್ಲಿ. ನಾವು ಮಲಗುತ್ತಿದ್ದದ್ದು ಅಡಕೆ ಗೋದಾಮಿನಲ್ಲಿ. ಶತ್ರುಗಳು ಅಲ್ಲೂ ಇದ್ದರು, ಹೆಗ್ಗಣದ ರೂಪದಲ್ಲಿ.

ಮೊದಲ ವರ್ಷ ಸ್ವಂತ ರಂಗಮಂದಿರ ಇರಲಿಲ್ಲ. ಎಲಿಜಬೆತ್ ಎಂಬ ಸಿನಿಮಾ ಟಾಕೀಸು ವಾರದಲ್ಲಿ ಎರಡು ರಾತ್ರಿ ಸಿಗುತ್ತಿತ್ತು. ವಾರಕ್ಕೊಂದು ಹೊಸ ನಾಟಕ: ಈ ವಾರದ್ದನ್ನು ಆಡುತ್ತಲೇ ಮುಂದಿನ ವಾರದ್ದನ್ನು ಬಾಯಿಪಾಠ ಮಾಡಬೇಕು, ಸೆಟ್ಟಿಗೆ ಮೊಳೆ ಹೊಡೆಯಬೇಕು, ಬಣ್ಣ ಬಳಿಯಬೇಕು. ನಟನೆಗೆ ಉಳಿಯುವ ಸಮಯ ಅಷ್ಟಕ್ಕಷ್ಟೇ. ಅಲ್ಲಿ ಪ್ರಾಂಪ್ಟರನ ಸ್ಥಿತಿ ಏನಾಗಿರಬಹುದು ಎಂದು ಯೋಚಿಸಿದರೆ ನನಗೆ ಈಗಲೂ ಗಂಟಲು ಒಣಗುತ್ತದೆ.

ಆ ಬೇಸಿಗೆ ಆಡಿದ್ದರಲ್ಲಿ ಜಾರ್ಜ್ ಕೆಲಿಯ 'ದಿ ಟಾರ್ಚ್ ಬೇರರ್ಸ್' ಒಂದು. ಹವ್ಯಾಸಿ ನಾಟಕದವರ ಪೇಚಾಟವನ್ನೇ ಗೇಲಿ ಮಾಡುವ ನಾಟಕವನ್ನು ಹವ್ಯಾಸಿಗಳೇ ಆಡುವುದೆಂದರೆ, ಮರೆತ ಮಾತೂ ಬಿದ್ದ ಪರದೆಯೂ ಅಭಿನಯದ ಲೆಕ್ಕಕ್ಕೆ ಜಮಾ ಆಗುತ್ತದೆ. ಇಂಥ ಅನುಕೂಲ ನಮಗೆ ಹೊಳೆಯಲೇ ಇಲ್ಲ. ಜೋಶುವಾ ಲೋಗನ್ ಎಂಬ ಪ್ರಿನ್ಸ್‌ಟನ್ ಹುಡುಗ ಅಭಿನಯಿಸುತ್ತಿದ್ದಾಗ ಸಭೆಯಿಂದ ಒಂದು ವಿಚಿತ್ರ ನಗು ಕೇಳಿಬಂತಂತೆ, ಅಳುವೋ ನಗುವೋ ಗೊತ್ತಾಗದ ಹಾಗೆ ಎಳೆದೆಳೆದು. ನಗುತ್ತಿದ್ದವನು ಒಮಾಹಾ ಊರಿನ ಒಬ್ಬ ಉದ್ದನೆಯ ಯುವಕ. ಅದೇ ಕೇಪ್ ಕಾಡಿನ ಡೆನಿಸ್‌ನಲ್ಲಿ ಬೇರೆ ಕಂಪನಿಯಲ್ಲಿದ್ದು, ತನ್ನೂರಿನ ಗೆಳೆಯನನ್ನು ನೋಡಲು ಬಂದಿದ್ದ. ವಿದ್ಯಾರ್ಥಿಯೂ ಅಲ್ಲ, ಕಾಲೇಜು ಅರ್ಧಕ್ಕೆ ಬಿಟ್ಟವನು. ಅಷ್ಟು ಚೆನ್ನಾಗಿ ನಗುವವನನ್ನು ಬಿಡುವುದುಂಟೆ? ಕಂಪನಿಗೆ ಸೇರಿಸಿಕೊಂಡರು. ಅವನೇ ಮುಂದೆ ಸಿನಿಮಾ ತಾರೆಯಾದ ಹೆನ್ರಿ ಫಾಂಡಾ.

ನಮ್ಮ ಸಭೆಯಲ್ಲೂ ಸದ್ದು ಮಾಡುವವರಿದ್ದರು. ಊರಿನ ಹಿರಿಯರೊಬ್ಬರ ಮನೆಯ ಆರಾಮ ಕುರ್ಚಿಯನ್ನು ಕಡ ತಂದಿದ್ದೆವು. ಮೂರನೇ ಅಂಕದಲ್ಲಿ ಜಮೀನ್ದಾರ ಅದರ ಮೇಲೆ ಒರಗಿ ಪ್ರಾಣ ಬಿಡಬೇಕು. ಅವರು ಮುಂದಿನ ಸಾಲಿನಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದರು. ಜಮೀನ್ದಾರ ಎದೆ ಹಿಡಿದುಕೊಂಡ, ತೂರಾಡಿದ, ಇನ್ನೇನು ಕುರ್ಚಿಗೆ ಬೀಳಬೇಕು, ಅಷ್ಟರಲ್ಲಿ ಅವರು ಎದ್ದು ನಿಂತು, "ಹಿಂದಿನ ಕಾಲು ಸಡ್ಲ ಉಂಟೋ, ಮೆಲ್ಲಗೆ ಸಾಯೋ ಮಾರಾಯ!" ಎಂದರು. ಜಮೀನ್ದಾರ ವಿಧೇಯ ಹುಡುಗ. ತೂರಾಟ ನಿಲ್ಲಿಸಿ, ಒಂದು ಕೈಯಿಂದ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿ, ಪಂಚೆ ಸರಿಮಾಡಿಕೊಂಡು ಕುಳಿತು, ಆಮೇಲೆ ಸತ್ತ. ಆ ರಾತ್ರಿ ನಾನು ಪ್ರಾಂಪ್ಟ್ ಮಾಡಿದ ಯಾವ ಮಾತೂ ಯಾರಿಗೂ ನೆನಪಿಲ್ಲ, ಈ ಮಾತು ಇನ್ನೂ ಊರಲ್ಲಿ ಚಾಲ್ತಿಯಲ್ಲಿದೆ.

1929ರಲ್ಲಿ ಓಲ್ಡ್ ಸಿಲ್ವರ್ ಬೀಚಿನ ದಡದಲ್ಲಿ ಕಂಪನಿಗೆ ಸ್ವಂತ ರಂಗಮಂದಿರ ಎದ್ದಿತು. ಅದೇ ವರ್ಷ ವರ್ಜೀನಿಯಾದಿಂದ ಮಾರ್ಗರೆಟ್ ಸಲ್ಲವನ್ ಬಂದಳು. ಫಾಂಡಾ ಅವಳ ಎದುರು ಪಾರ್ಟು ಮಾಡಿದ, ಮುಂದೆ ಏನಾಗಬೇಕೋ ಅದೇ ಆಯಿತು. ಕಂಪನಿ ಬಾಲ್ಟಿಮೋರಿನಲ್ಲಿ ಚಳಿಗಾಲದ ಮೊಕ್ಕಾಂ ಹೂಡಿದ್ದಾಗ, 1931ರ ಕ್ರಿಸ್ಮಸ್ ದಿನ ಇಬ್ಬರ ಮದುವೆ. ದಾಂಪತ್ಯ ಬಹಳ ದಿನ ಬಾಳಲಿಲ್ಲ. ರಜೆ ನಾಟಕದ ಪ್ರೇಮಗಳಿಗೆ ಆಗಸ್ಟ್ ಮುಗಿದ ಮೇಲೆ ಏನು ಮಾತಾಡಬೇಕೆಂದು ಬರೆದುಕೊಡುವವರು ಇರುವುದಿಲ್ಲ.

ಈ ನಡುವೆ ಲೋಗನ್ ಮತ್ತು ಲೆದರ್‌ಬಿ ಮಾಸ್ಕೋಗೆ ಹೋಗಿ ನಟನೆಯ ಮಹಾಗುರು ಸಾಕ್ಷಾತ್ ಸ್ಟಾನಿಸ್ಲಾವ್ಸ್‌ಕಿಯನ್ನು ಕಂಡು ಬಂದಿದ್ದರು. ಅಲ್ಲಿ ಒಂದು ನಾಟಕವನ್ನು ತಿಂಗಳುಗಟ್ಟಲೆ ಅರೆದು ಕುಡಿಯುತ್ತಾರೆ; ಇಲ್ಲಿಗೆ ಮರಳಿದರೆ ಸೋಮವಾರಕ್ಕೆ ಹೊಸ ನಾಟಕ ಬೇಕು. ಗುರುಗಳ ಪಾಠ ಎಷ್ಟು ಉಪಯೋಗಕ್ಕೆ ಬಂದಿರಬಹುದೋ!

ನನಗೆ ಎಲ್ಲರಿಗಿಂತ ಪ್ರಿಯನಾದವನು 1932ರಲ್ಲಿ, ಕೊನೆಯ ಬೇಸಿಗೆಗೆ, ಬಂದ ಜೇಮ್ಸ್ ಸ್ಟೂವರ್ಟ್. ಪ್ರಿನ್ಸ್‌ಟನ್ನಿನಲ್ಲಿ ಆಗತಾನೆ ವಾಸ್ತುಶಿಲ್ಪ ಓದಿ ಮುಗಿಸಿದ್ದ, ಮನೆ ಕಟ್ಟಬೇಕಾಗಿದ್ದವನು. ಅವನಿಗೆ ಸಣ್ಣಪುಟ್ಟ ಪಾರ್ಟಿನ ಜೊತೆಗೆ ಇನ್ನೊಂದು ಹೊಣೆ: ರಂಗಮಂದಿರಕ್ಕೆ ಅಂಟಿಕೊಂಡಿದ್ದ ಟೀ ಅಂಗಡಿಯಲ್ಲಿ ಅಕಾರ್ಡಿಯನ್ ನುಡಿಸುವುದು. ಅವನ ವಾದನದಿಂದ ತಿನ್ನುವವರ ಹಸಿವು ಕೆಡುತ್ತಿದೆ ಎಂಬ ದೂರು ಬಂತು ಎಂದು ಮುಂದೆ ಅವನೇ ಹೇಳಿಕೊಂಡು ನಗುತ್ತಿದ್ದ. ಎದೆಗೆ ಪೆಟ್ಟಿಗೆ ಕಟ್ಟಿಕೊಂಡ ಆ ಸಣಕಲ ಹುಡುಗನನ್ನು, ಮುಂದೆ 'ವರ್ಟಿಗೋ' ಸಿನಿಮಾದಲ್ಲಿ ಕಾಣುವ ಅದೇ ತಬ್ಬಿಬ್ಬು ಮುಖದಲ್ಲಿ, ಎಂಜಲು ತಟ್ಟೆಗಳ ನಡುವೆ ನಿಲ್ಲಿಸಿ ನೋಡುತ್ತೇನೆ. ಆ ವರ್ಷ ಅಕ್ಟೋಬರಿನಲ್ಲಿ, ಕೊಡಲಿ ಹಿಡಿದು ಹೆಂಡದಂಗಡಿ ಪುಡಿಗುಟ್ಟಿದ ಹೆಂಗಸಿನ ಕಥೆ 'ಕ್ಯಾರಿ ನೇಷನ್' ಬ್ರಾಡ್‌ವೇಗೆ ಹೋಯಿತು. ಸ್ಟೂವರ್ಟ್ ಅದರಲ್ಲಿ ಪೊಲೀಸಿನವನಾದ. ನಾಟಕ ಬೇಗನೆ ಮಗುಚಿತು, ಕಂಪನಿಯೂ ಚದುರಿತು. ಲೆದರ್‌ಬಿ 1935ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಮರುವರ್ಷ, ದಡದ ಮೇಲಿನ ರಂಗಮಂದಿರ ಬೆಂಕಿಗೆ ಹೋಯಿತು.

ಈ ಚರಿತ್ರೆಯನ್ನು ಹೇಳುವವರೆಲ್ಲ ಸಿನಿಮಾ ಪೋಸ್ಟರಿನಿಂದ ಹಿಂದಕ್ಕೆ ಹೇಳುತ್ತ ಬರುತ್ತಾರೆ. ಫಾಂಡಾ, ಸ್ಟೂವರ್ಟ್ ದೊಡ್ಡವರಾಗದೆ ಹೋಗಿದ್ದರೆ ಅಲ್ಲಿ ನಾಟಕವೇ ನಡೆಯಲಿಲ್ಲವೇನೋ ಎಂಬಂತೆ. ನನ್ನ ಮನಸ್ಸಿಗೆ ತಂಪೆರೆದ ಸಂಗತಿ ಬೇರೆ. 1951ರಲ್ಲಿ ಈ ಕಂಪನಿಯ ಕಥೆಯನ್ನು 'ಬಟ್ ನಾಟ್ ಫರ್‌ಗಾಟನ್' ಎಂಬ ಪುಸ್ತಕವಾಗಿ ಬರೆದ ನಾರಿಸ್ ಹೌಟನ್ ಅಲ್ಲಿ ದೃಶ್ಯಸಜ್ಜೆಯ ಕೆಲಸ ಮಾಡಿದ್ದವನು. ಪರದೆಯ ಹಿಂದಿನವನು! ಪೆನ್ನು ಕೊನೆಗೂ ನಮ್ಮವರ ಕೈಗೇ ಬಂತು ಎಂದು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಫಾಲ್ಮತ್ತಿನಲ್ಲಿ ಚಟ ಮಾತ್ರ ಬಿಟ್ಟುಹೋಗಿಲ್ಲ. 1969ರಿಂದ ಅಲ್ಲಿನ ಹೈಫೀಲ್ಡ್ ಎಂಬಲ್ಲಿ, ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡದಲ್ಲಿ, ಕಾಲೇಜ್ ಲೈಟ್ ಆಪೆರಾ ಕಂಪನಿಯ ವಿದ್ಯಾರ್ಥಿಗಳು ಬೇಸಿಗೆ ಬಂತೆಂದರೆ ಹಾಡಿ ಕುಣಿಯುತ್ತ ಬಂದಿದ್ದಾರೆ.

ನಮ್ಮ ಜಮೀನ್ದಾರ ಸತ್ತ ಮರುವರ್ಷ, ಹಲಸು ಹಣ್ಣಾಗುವ ಹೊತ್ತಿಗೆ, ಆರಾಮ ಕುರ್ಚಿ ಕೇಳಲು ಮತ್ತೆ ಅದೇ ಮನೆಗೆ ಹೋದೆವು. ಹೋದ ಸಲದ ಅವಮಾನದಿಂದ ಕೊಡುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಹಿರಿಯರು ಜಗುಲಿಯ ಮೇಲೆ ಅದೇ ಕುರ್ಚಿಯಲ್ಲಿ ಒರಗಿದ್ದರು. ಹಿಂದಿನ ಕಾಲಿಗೆ ಹೊಸ ಬೆಣೆ ಹೊಡೆಸಿದ್ದು ಎದ್ದು ಕಾಣುತ್ತಿತ್ತು. ನಮ್ಮನ್ನು ಒಬ್ಬೊಬ್ಬರನ್ನಾಗಿ ಮೇಲಿಂದ ಕೆಳಗೆ ನೋಡಿ, ಕುಳಿತಲ್ಲಿಂದ ಏಳುತ್ತ ಕೇಳಿದರು:

"ಈ ಸಲ ಯಾರೋ ಸಾಯೋದು?"